ಒಲ್ಲೆ ಅಂದವರ ಒಪ್ಪಿಗೆ

ದೇಶದ ಕೃತಕ ಬುದ್ಧಿಮತ್ತೆ ಯಾವ ದಾರಿಯಲ್ಲಿ ನಡೆಯಬೇಕು ಎಂದು ತೀರ್ಮಾನಿಸಿದವರಲ್ಲಿ ನಾನೂ ಒಬ್ಬಳು ಎಂದರೆ ನಮ್ಮ ಮನೆಯಲ್ಲಿ ಈಗಲೂ ಯಾರೂ ನಂಬುವುದಿಲ್ಲ. ನಂಬದಿರುವುದಕ್ಕೆ ಕಾರಣವಿದೆ. ಟಿವಿಯ ರಿಮೋಟಿನಲ್ಲಿ ಬಂದ್ ಮಾಡುವ ಗುಂಡಿ, ದನಿ ಕಡಿಮೆ ಮಾಡುವ ಗುಂಡಿ ಇವೆರಡನ್ನು ಬಿಟ್ಟು ಉಳಿದವನ್ನು ನಾನು ಮುಟ್ಟುವವಳಲ್ಲ. ಬಾಗಲಕೋಟೆಯ ಒಂದು ಪದವಿ ಕಾಲೇಜಿನಲ್ಲಿ ಕನ್ನಡ ಕಲಿಸುತ್ತೇನೆ. ಹಳಗನ್ನಡದ ತರಗತಿ ಶುರುವಾದರೆ ಮಕ್ಕಳು ಹಿಂದಿನ ಬಾಗಿಲಿನಿಂದ ಹೊರಬೀಳುತ್ತಾರೆ. ಅವರನ್ನು ಮುಂದಿನ ಬಾಗಿಲಿನಿಂದ ಮತ್ತೆ ಒಳಗೆ ಕರೆತರುವುದರಲ್ಲೇ ನನ್ನ ನೌಕರಿಯ ಬಹುಪಾಲು ಸವೆದಿದೆ.

ಒಂದು ಮಧ್ಯಾಹ್ನ ಪ್ರಿನ್ಸಿಪಾಲರು ತಮ್ಮ ಕೋಣೆಗೆ ಕರೆಸಿದರು.

"ಮೇಡಂ, ದಿಲ್ಲಿಯಿಂದ ಒಂದು ಕರಡು ಬಂದದ. ಕೃತಕ ಬುದ್ಧಿಮತ್ತೆಗೆ ರಾಷ್ಟ್ರೀಯ ಮಾರ್ಗದರ್ಶಿ ತತ್ವಗಳು ಅಂತ. ನಮ್ಮ ಜಿಲ್ಲೆಯೊಳಗ ಜನರ ಅಭಿಪ್ರಾಯ ಕೇಳ್ಲಿಕ್ಕೆ ಸಮಿತಿ ಮಾಡ್ಯಾರ. ಭಾಷಾ ಸದಸ್ಯೆ ಅಂತ ನಿಮ್ಮನ್ನ ಹಾಕೇನಿ."

"ನನಗ ಕಂಪ್ಯೂಟರ್ ಬಗ್ಗೆ ಏನ್ ಗೊತ್ತದ್ರಿ ಸರ್?"

"ಉಳಿದವ್ರಿಗೆ ಏನ್ ಗೊತ್ತದ? ನಿಮಗ ಕನ್ನಡರೆ ಗೊತ್ತದ."

ಇಷ್ಟು ದೊಡ್ಡ ಪ್ರಶಂಸೆ ಆ ಕೋಣೆಯಲ್ಲಿ ನನಗೆ ಹಿಂದೆಂದೂ ಸಿಕ್ಕಿರಲಿಲ್ಲ. ಒಪ್ಪಿಕೊಂಡೆ.

ಮೊದಲ ಸಭೆ ಊರಿನ ಹೊಸ ಬಡಾವಣೆ ನವನಗರದ ಒಂದು ಸಭಾಭವನದಲ್ಲಿ. ಎಸಿ ಎಷ್ಟು ಜೋರಾಗಿತ್ತೆಂದರೆ ಹೊರಗೆ ಬಿಸಿಲಿಗೆ ಡಾಂಬರು ಮೆತ್ತಗಾಗಿದ್ದರೂ ಒಳಗೆ ನಾನು ಸೆರಗು ಹೊದ್ದು ಕೂತೆ. ಸಮಿತಿಯ ಅಧ್ಯಕ್ಷರು ಎಂಜಿನಿಯರಿಂಗ್ ಕಾಲೇಜಿನಿಂದ ನಿವೃತ್ತರಾದ ಪ್ರಾಧ್ಯಾಪಕರು, ಕಲಾದಗಿ ಕಡೆಯವರು. ತಮ್ಮ ತೋಟದ ಚಿಕ್ಕು ಹಣ್ಣಿನ ಬುಟ್ಟಿ ತಂದು ಮೇಜಿನ ಮೇಲೆ ಇಟ್ಟಿದ್ದರು. ಪ್ರತಿ ಮಾತನ್ನೂ "ಒಟ್ಟಾರೆ" ಎಂದು ಶುರು ಮಾಡುವ ಅಭ್ಯಾಸ ಅವರದು. ಒಟ್ಟಾರೆ ಎಂದವರು ಬಿಡಿಬಿಡಿಯಾಗಿ ಏನನ್ನೂ ಹೇಳಬೇಕಾಗಿಲ್ಲ ಎಂಬುದನ್ನು ಆ ಸಭೆಯಲ್ಲೇ ಕಲಿತೆ. ಅಭಿಪ್ರಾಯ ಸಂಗ್ರಹಿಸುವ ಗುತ್ತಿಗೆಯನ್ನು ಒಂದು ಕಂಪನಿ ಹಿಡಿದಿತ್ತು. ಅದರ ಪರವಾಗಿ ಬಂದವಳು ಮೈಸೂರು ಕಡೆಯ ಹುಡುಗಿ, ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸಿನವಳು. ಬೆನ್ನಿಗೆ ಚೀಲ, ಕೈಯಲ್ಲಿ ಒಂದು ಟ್ಯಾಬ್, ಮುಖದಲ್ಲಿ ನಿದ್ದೆಗೆಟ್ಟ ನಗು.

ಕರಡಿನ ಕನ್ನಡ ಪ್ರತಿಯನ್ನು ನನ್ನ ಕೈಗೆ ಕೊಟ್ಟರು. ಯಂತ್ರವೇ ಅನುವಾದ ಮಾಡಿದ್ದಂತೆ. ತನ್ನನ್ನು ಹೇಗೆ ಹದ್ದುಬಸ್ತಿನಲ್ಲಿ ಇಡಬೇಕೆಂಬುದನ್ನು ತಾನೇ ಅನುವಾದಿಸಿಕೊಂಡಿತ್ತು ಅನ್ನಿ. ನಾನು ಓದುತ್ತ ಹೋದೆ. ಒಂದು ತತ್ವದ ಬಳಿ ಬಂದು ಕನ್ನಡಕ ಒರೆಸಿಕೊಂಡೆ. 'ಎಲ್ಲಾ ಮಹತ್ವದ ನಿರ್ಣಯಗಳಲ್ಲಿ ಮನುಷ್ಯನು ಕುಣಿಕೆಯಲ್ಲಿ ಇರತಕ್ಕದ್ದು.'

"ಸರ್, ಇದರೊಳಗ ಮನುಷ್ಯಾಗ ನೇಣು ಹಾಕ್ಯಾರಲ್ರಿ?" ಎಂದೆ.

ಹುಡುಗಿ ಇಣುಕಿ ನೋಡಿ ನಾಲಿಗೆ ಕಚ್ಚಿಕೊಂಡಳು. "ಅಯ್ಯೋ ಮೇಡಂ, ಇಂಗ್ಲಿಷ್‌ನಲ್ಲಿ 'ಹ್ಯೂಮನ್ ಇನ್ ದಿ ಲೂಪ್' ಅಂತಿದೆ. ಯಂತ್ರದ ಜೊತೆ ಒಬ್ಬ ಮನುಷ್ಯ ಇದ್ದು ನೋಡ್ಕೋಬೇಕು ಅಂತ ಅರ್ಥ."

ಕೊನೆಯ ಮಾತು ಮನುಷ್ಯನದೇ ಆಗಿರಬೇಕು ಎಂದು ತಿದ್ದಿ ಓದಿದೆ. ಅಧ್ಯಕ್ಷರಿಗೆ ಸಮಾಧಾನವಾಗಲಿಲ್ಲ. "ಒಟ್ಟಾರೆ, ಇಷ್ಟು ಸರಳ ಬರದ್ರ ಪಾಲಿಸಿ ಅನಸೂದಿಲ್ರಿ ಮೇಡಂ. ಯಾರರೆ ಓದಿ ತಿಳ್ಕೊಂಬಿಟ್ಟಾರು."

ಮುಂದೆ ಇನ್ನೊಂದು ಕಡೆ, ಹೊಸ ಯಂತ್ರಗಳನ್ನು ಮೊದಲು 'ಮರಳಿನ ಪೆಟ್ಟಿಗೆಯಲ್ಲಿ' ಪರೀಕ್ಷಿಸಬೇಕು ಎಂದಿತ್ತು. ಇಂಗ್ಲಿಷಿನ 'ಸ್ಯಾಂಡ್‌ಬಾಕ್ಸ್' ಅದು, ಬಯಲಿಗೆ ಬಿಡುವ ಮೊದಲು ಒಂದು ಕಟ್ಟಿನೊಳಗೆ ಪ್ರಯೋಗ ಮಾಡಿ ನೋಡುವುದು ಎಂದು ಆ ಹುಡುಗಿ ಬಿಡಿಸಿ ಹೇಳಿದಳು. ನಮ್ಮ ಕಡೆ ಮರಳು ಎಂದರೆ ಜನರ ಕಣ್ಣ ಮುಂದೆ ಬರುವುದು ಬೆಳಗಿನ ಜಾವ ಹೊಳೆಯ ಕಡೆಯಿಂದ ಬರುವ ಟಿಪ್ಪರುಗಳು. ಅದನ್ನು ಪೆಟ್ಟಿಗೆಯಲ್ಲಿ ಇಡುವ ಶಕ್ತಿ ಯಾವ ಪಾಲಿಸಿಗೂ ಇಲ್ಲ ಎಂದು ಹೇಳಿ ಆ ಮಾತನ್ನೂ ಬದಲಾಯಿಸಿದೆ.

ಜನರ ಮಾತನ್ನು ಬರೆದುಕೊಳ್ಳಲಿಕ್ಕೆ ಗುಮಾಸ್ತರಿರಲಿಲ್ಲ. ಆ ಕೆಲಸಕ್ಕೂ ಯಂತ್ರವೇ. ಮೈಕಿನಲ್ಲಿ ಮಾತಾಡಿದರೆ ಪರದೆಯ ಮೇಲೆ ಅಕ್ಷರವಾಗಿ ಮೂಡುತ್ತಿತ್ತು. ಅಷ್ಟೇ ಅಲ್ಲ, ಆಡಿದ ಮಾತಿನ ಭಾವವನ್ನೂ ಅದೇ ಅಳೆದು ಬಣ್ಣ ಹಚ್ಚುತ್ತಿತ್ತು. ಹಸಿರು ಎಂದರೆ ಒಪ್ಪಿಗೆ, ಕೆಂಪು ಎಂದರೆ ವಿರೋಧ, ಬೂದು ಎಂದರೆ ಎರಡೂ ಅಲ್ಲ. ಅದೇ ಸಭಾಭವನಕ್ಕೆ ಜನರನ್ನು ಕರೆಸಿದ ಬಾಗಲಕೋಟೆಯ ಸಭೆಯಲ್ಲಿ ಅದು ಸುಸೂತ್ರವಾಗಿ ಕೆಲಸ ಮಾಡಿತು. ಬಂದವರಲ್ಲಿ ಹೆಚ್ಚಿನವರು ಹಾಜರಾತಿಯ ಆಸೆಗೆ ಬಂದ ಕಾಲೇಜು ಮಕ್ಕಳು, ಕಳಿಸಿದ್ದಕ್ಕೆ ಬಂದ ನೌಕರರು. ಮೈಕು ಕೈಗೆ ಬಂದೊಡನೆ ಎಲ್ಲರ ಬಾಯಲ್ಲೂ ಪಠ್ಯಪುಸ್ತಕ ಹೊಕ್ಕು ಕೂತುಬಿಟ್ಟಿತು. "ಈ ಉಪಕ್ರಮವನ್ನು ನಾನು ಹೃತ್ಪೂರ್ವಕವಾಗಿ ಸ್ವಾಗತಿಸುತ್ತೇನೆ" ಎಂದ ಒಬ್ಬ, ಹತ್ತು ನಿಮಿಷದ ಹಿಂದೆ ಹೊರಗೆ ಗೆಳೆಯನಿಗೆ "ಲೇ, ಯಾವಾಗ ಬಿಡ್ತಾರಲೇ ಇವ್ರು?" ಎಂದು ಕೇಳಿದ್ದನ್ನು ನಾನು ಕೇಳಿಸಿಕೊಂಡಿದ್ದೆ. ಪರದೆ ಹಸಿರಾಯಿತು.

ಒಬ್ಬರು ಮಾತ್ರ ಬೇರೆ ಥರ ಮಾತಾಡಿದರು. ಹಳೆಯ ಊರಿನ ಮನೆ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ ನವನಗರಕ್ಕೆ ಬಂದು ಅರಿವೆ ಅಂಗಡಿ ಇಟ್ಟುಕೊಂಡ ಹಿರಿಯರು. "ಒಂದ ಕೇಳ್ತೇನ್ರಿ. ಇದು ಬರೂಕಿಂತ ಮೊದ್ಲ ನಮ್ಮನ್ನ ಕೇಳಾಕ ಬಂದೀರೋ, ಬಂದ ಮ್ಯಾಗ ಕೇಳಾಕ ಬಂದೀರೋ?"

"ಒಟ್ಟಾರೆ, ಎರಡೂ" ಎಂದರು ಅಧ್ಯಕ್ಷರು.

ಪರದೆ ಬೂದು ಬಣ್ಣ ತೋರಿಸಿತು. ಹಿರಿಯರು ಚಹಾ ಕುಡಿಯದೆ ಎದ್ದುಹೋದರು.

ಮುಂದಿನ ವಾರ ಬೆಳಿಗ್ಗೆ ಜೀಪಿನಲ್ಲಿ ಇಳಕಲ್‌ಗೆ ಹೊರಟೆವು. ಅಲ್ಲಿಯ ಸಭೆ ನೇಕಾರರದು. ನೇಕಾರರ ಸಂಘದ ಹಾಲಿನಲ್ಲಿ ಜಮಖಾನೆ ಹಾಸಿದ್ದರು. ಹೆಂಗಸರೇ ಹೆಚ್ಚು. ಸುತ್ತಲಿನ ಓಣಿಯಿಂದ ಮಗ್ಗದ ಸಪ್ಪಳ ಬರುತ್ತಲೇ ಇತ್ತು. ಸಭೆ ಇದೆ ಎಂದು ಯಾರೂ ಮಗ್ಗ ನಿಲ್ಲಿಸಿರಲಿಲ್ಲ. ಮುಂದಿನ ಸಾಲಿನಲ್ಲಿ ನನ್ನ ವಯಸ್ಸಿನ ಒಬ್ಬ ಹೆಂಗಸು ಕೂತಿದ್ದಳು. ಅವಳ ಬಾಯಿಗೆ ಸಂಘದವರೇ ಹೆದರುತ್ತಾರೆಂದು ಆಮೇಲೆ ತಿಳಿಯಿತು. ಅಧ್ಯಕ್ಷರು ಕೃತಕ ಬುದ್ಧಿಮತ್ತೆ ಎಂದೊಡನೆ ಅವಳು ಕೈ ಎತ್ತಿದಳು.

"ಕೃತಕ ಅಂದ್ರ ಆರ್ಟ್ ಸಿಲ್ಕ್ ಇದ್ದಂಗ ಏನ್ರಿ? ನೋಡಾಕ ರೇಷ್ಮಿ, ಉಟ್ರ ಸೆಕಿ?"

ಹಾಲಿನ ತುಂಬ ನಗು. ಇದಕ್ಕಿಂತ ಒಳ್ಳೆಯ ವಿವರಣೆ ಕರಡಿನ ಯಾವ ಪುಟದಲ್ಲೂ ಇರಲಿಲ್ಲ. ಆದರೆ ಪುಟಕ್ಕೆ ಸೇರಿಸಲು ಅಧ್ಯಕ್ಷರು ಒಪ್ಪಲಿಲ್ಲ.

ಅಲ್ಲಿ ಚರ್ಚೆಗೆ ಇಟ್ಟ ತತ್ವ ಹೀಗಿತ್ತು: ಸಾಂಪ್ರದಾಯಿಕ ಜ್ಞಾನವನ್ನು ರಾಷ್ಟ್ರೀಯ ದತ್ತಾಂಶ ಕಣಜಕ್ಕೆ ಸೇರಿಸಿ ಎಲ್ಲರ ಏಳಿಗೆಗೆ ಬಳಸಬೇಕು. ಸರಳವಾಗಿ ಹೇಳಿದರೆ, ಮನೆಮನೆಯ ಮಗ್ಗದ ಮೇಲಿನ ಸೀರೆ, ಅಂಚು, ಸೆರಗಿನ ತೆನೆ ವಿನ್ಯಾಸ, ಕಸೂತಿ ಎಲ್ಲದರ ಫೋಟೋ ತೆಗೆದುಕೊಂಡು ಹೋಗಿ ಯಂತ್ರಕ್ಕೆ ಕಲಿಸುತ್ತಾರೆ. ಕಲಿತ ಮೇಲೆ ಅದು ತಾನೇ ಹೊಸ ಹೊಸ ಚಿತ್ತಾರ ಹೊರಡಿಸುತ್ತದೆ. ಇಷ್ಟನ್ನೂ ನಾನೇ ಕನ್ನಡದಲ್ಲಿ ತಿಳಿಸಿ ಹೇಳಿದೆ. ಆ ಹೆಂಗಸು ಗಲ್ಲಕ್ಕೆ ಕೈ ಇಟ್ಟು ಕೇಳಿದಳು.

"ಅಕ್ಕೋರ, ನಮ್ಮ ಕಡಿಂದ ಎಲ್ಲಾ ಕಲತ ಮ್ಯಾಗ ಆ ಮಷೀನು ಯಾರ ಮನ್ಯಾಗ ಕೆಲಸಕ್ಕ ನಿಲ್ತೈತ್ರಿ?"

ನಾನು ಅಧ್ಯಕ್ಷರ ಮುಖ ನೋಡಿದೆ.

"ಒಟ್ಟಾರೆ, ರಾಷ್ಟ್ರದ ಕೆಲಸ ಮಾಡ್ತದ" ಎಂದರು ಅವರು.

"ರಾಷ್ಟ್ರ ಸೀರಿ ಮಾರತೈತೇನ್ರಿ?"

"ಹಂಗಲ್ಲ. ಎಲ್ಲಾರಿಗೂ ಉಪಯೋಗ ಆಗ್ತದ."

"ಎಲ್ಲಾರಿಗೂ ಅಂದ್ರ ನಮ್ಮನ್ನ ಬಿಟ್ಟು ಉಳಿದವ್ರಿಗಿ" ಎಂದಳು ಅವಳು. ಪಕ್ಕದವಳ ಕೈಯಿಂದ ಮೈಕು ತೆಗೆದುಕೊಂಡು ಬಾಯಿಗೆ ಹತ್ತಿರ ಹಿಡಿದು, "ನಮ್ಮ ಸೆರಗಿನ ಫೋಟೋ ಕೊಡಾಕ ನಾ ಒಲ್ಲೆ" ಎಂದಳು.

ಪರದೆಯ ಮೇಲೆ ಅಕ್ಷರ ಮೂಡಿತು: 'ನಮ್ಮ ಸೆರಗಿನ ಫೋಟೋ ಕೊಡುವುದು ಒಳ್ಳೆ.' ಹಸಿರು.

ಓದು ಬಂದವರು ಮೊದಲು ನಕ್ಕರು, ಓದು ಬಾರದವರಿಗೆ ಅವರು ಓದಿ ಹೇಳಿದ ಮೇಲೆ ಅವರೂ ನಕ್ಕರು. ಆಕೆ ಮತ್ತೊಮ್ಮೆ ಜೋರಾಗಿ "ಒಲ್ಲೆ!" ಎಂದಳು. ಯಂತ್ರ ಇನ್ನೂ ಖಚಿತವಾಗಿ 'ಒಳ್ಳೆಯದು!' ಎಂದು ಬರೆದುಕೊಂಡಿತು. ಉದ್ಗಾರ ಚಿಹ್ನೆಯನ್ನೂ ಹಾಕಿತ್ತು. ಹಿಂದಿನ ಸಾಲಿನವರು ಕೌತುಕಕ್ಕೆ ಒಬ್ಬೊಬ್ಬರಾಗಿ ಮೈಕು ಹಿಡಿದು ನಾ ಒಲ್ಲೆ, ನಾನೂ ಒಲ್ಲೆ, ನಮ್ಮತ್ತಿನೂ ಒಲ್ಲೆ ಅಂದಾಳ ಎನ್ನುತ್ತ ಹೋದರು. ಪರದೆ ಶ್ರಾವಣದ ಹೊಲದಂತೆ ಹಸಿರುಗಟ್ಟಿತು.

"ನಮ್ಮ ಮನಿಯವ್ರಿಗೂ ಹಿಂಗ ಕೇಳಸತೈತ್ರಿ" ಎಂದಳು ಆ ಹೆಂಗಸು. "ಲಗ್ನ ಆದಾಗಿಂದ ನಾ ಒಲ್ಲೆ ಅಂದದ್ದೆಲ್ಲಾ ಅವ್ರಿಗಿ ಹೂಂ ಅಂತನ ಕೇಳೈತಿ. ಇದೂ ಗಂಡಸರ ಮಾಡಿದ ಮಷೀನ ಇರಬೇಕು."

ಈ ಬಾರಿ ನಗು ನಿಲ್ಲಲು ಬಹಳ ಹೊತ್ತಾಯಿತು. ಮೈಸೂರಿನ ಹುಡುಗಿ ಮಾತ್ರ ನಗಲಿಲ್ಲ. ಅವಳ ಕಿವಿ ಕೆಂಪಗಾಗಿತ್ತು. ಟ್ಯಾಬಿನಲ್ಲಿ ಏನೇನೋ ಒತ್ತಿದಳು, ಯಂತ್ರ ತನ್ನ ಹಟ ಬಿಡಲಿಲ್ಲ. ಅಧ್ಯಕ್ಷರು ನಗುವಿನ ಅಲೆಯಲ್ಲೇ ಸಭೆ ಮುಗಿಸಿ, ಆ ಹೆಂಗಸನ್ನು ಒಂದು ಸೀರೆಯ ಮಡಿಕೆ ಬಿಚ್ಚಿ ಹಿಡಿಯಲು ಹೇಳಿ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ನಗುತ್ತಿದ್ದ ಆಕೆಯ ಮುಖ ಫೋಟೋದಲ್ಲಿ ಬಲು ಚೆನ್ನಾಗಿ ಬಂತು.

ಜೀಪಿನಲ್ಲಿ ಹುಡುಗಿ ತನ್ನ ಕಂಪನಿಗೆ ಫೋನು ಹಚ್ಚಿದಳು. ಆ ಕಡೆಯವರು ಹೇಳಿದ್ದನ್ನು ಸಂಕೋಚದಿಂದಲೇ ನಮಗೆ ತಿಳಿಸಿದಳು. "ಯಂತ್ರದಲ್ಲಿ ದೋಷ ಇಲ್ವಂತೆ ಮೇಡಂ. ಜನ ಸ್ಪಷ್ಟವಾದ ಕನ್ನಡದಲ್ಲಿ ಮಾತಾಡಬೇಕಂತೆ."

"ಈ ಕರಡಿನೊಳಗ ಎಲ್ಲಾ ಪ್ರದೇಶದ ಆಡುಮಾತನ್ನೂ ಒಳಗೊಳ್ಳಬೇಕು ಅಂತ ಒಂದು ತತ್ವ ಅದ ಅಲ್ಲವಾ?" ಎಂದೆ.

"ಇದೆ ಮೇಡಂ. ಅದು ತತ್ವ."

ಪಾಪ, ಅವಳು ವ್ಯಂಗ್ಯವಾಡಲಿಲ್ಲ. ಇದ್ದದ್ದನ್ನು ಹೇಳಿದಳು.

ಅದೇ ದಿನ ಮಧ್ಯಾಹ್ನ ಹುನಗುಂದದಲ್ಲಿ ಸಭೆ. ಊಟವಾದ ಮೇಲೆ ಅಧ್ಯಕ್ಷರು ಎದ್ದು ನಿಂತು ಮೊದಲೇ ಸೂಚನೆ ಕೊಟ್ಟರು. "ಒಟ್ಟಾರೆ, ಒಂದು ವಿನಂತಿ. ಯಾರೂ ಒಲ್ಲೆ ಅನಬ್ಯಾಡ್ರಿ. ಇಷ್ಟ ಇಲ್ಲದಿದ್ರ ಬೇಡ ಅನ್ರಿ. ಸ್ವಚ್ಛ ಹೇಳ್ರಿ." ಯಾರೂ ಒಲ್ಲೆ ಅನ್ನಬಾರದು ಎಂದು ಅಭಿಪ್ರಾಯ ಕೇಳುವ ಸಭೆಯೊಂದು ಶುರುವಾದದ್ದನ್ನು ನಾನು ಅದೇ ಮೊದಲು ನೋಡಿದೆ.

ಅಲ್ಲಿಯ ವಿಷಯ, ಸರ್ಕಾರದ ಸವಲತ್ತು ಯಾರಿಗೆ ಸಿಗಬೇಕು, ಯಾರಿಗೆ ಸಿಗಬಾರದು ಎಂಬುದನ್ನು ಯಂತ್ರವೇ ಆರಿಸಬಹುದೇ ಎಂಬುದು. ಮುಂದೆ ಕೂತಿದ್ದ ಒಬ್ಬ ನಿವೃತ್ತ ಹೆಡ್‌ಮಾಸ್ತರರು ಎದ್ದರು. ತಲೆಗೆ ಬಿಳಿ ಟೊಪ್ಪಿಗೆ, ಕೈಯಲ್ಲಿ ಕೊಡೆ.

"ಅದು ತಪ್ಪು ಮಾಡಿತು ಅಂದ್ರ ನಾವು ಯಾರ ಮುಂದ ಹೋಗಿ ನಿಲ್ಲಬೇಕು? ಈಗ ಸಾಹೇಬರಾದ್ರ ಅವರ ಬಾಗಲದಾಗ ಕುಂಡ್ರಬಹುದು, ಜಗಳ ಆಡಬಹುದು. ಇದಕ್ಕ ಬಾಗಲ ಎಲ್ಲದ?"

"ಅದಕ್ಕ ಹೊಣೆಗಾರಿಕೆ ಅಂತ ಒಂದು ತತ್ವನ ಅದ" ಎಂದರು ಅಧ್ಯಕ್ಷರು.

"ತತ್ವದ ಮನಿ ಎಲ್ಲದ ಹೇಳ್ರಿ. ನಾ ಅಲ್ಲೇ ಹೋಗಿ ಕೂಡ್ತೇನಿ."

ಅಧ್ಯಕ್ಷರು ಕರಡಿನ ಪುಟ ತಿರುವಿದರು. ಮಾಸ್ತರರು ಮೈಕಿನಲ್ಲಿ "ಹಂಗಾರ ಇದು ಬ್ಯಾಡ್ರಿ" ಎಂದು ಮುಗಿಸಿದರು. ಪರದೆ ಬರೆಯಿತು: 'ಹಾಗಾದರೆ ಇದು ಬ್ಯಾಟರಿ.'

ಹಿಂದಿನಿಂದ ನಾಲ್ಕಾರು ಜನ ಒಟ್ಟಾಗಿ "ನಮಗೂ ಬ್ಯಾಡ್ರಿ, ನಮಗೂ ಬ್ಯಾಡ್ರಿ" ಎಂದು ಕೂಗಿದರು. ನಮಗೂ ಬ್ಯಾಟರಿ, ನಮಗೂ ಬ್ಯಾಟರಿ. ಯಂತ್ರ ಅದಕ್ಕೆ ಹಸಿರು ಬಣ್ಣ ಬಳಿದು ಪಕ್ಕದಲ್ಲಿ 'ಬೇಡಿಕೆ' ಎಂದು ಗುರುತು ಹಾಕಿತು. ನಾನು ಮಾಸ್ತರರ ಹತ್ತಿರ ಹೋಗಿ, "ಸರ್, ಒಂದ್ಸಲ ಬೇಡ ಅಂತ ಅನ್ರಿ, ಬರಕೊಳ್ಳಲಿ" ಎಂದೆ. ಅವರು ಕೊಡೆಯ ತುದಿಯನ್ನು ನೆಲಕ್ಕೆ ಊರಿದರು.

"ಅಕ್ಕಾರ, ನಾ ಮಾತು ಕಲತಾಗಿಂದ ಬ್ಯಾಡ ಅಂದೇನಿ. ಸಾಲ್ಯಾಗ ನನ್ನ ಹುಡುಗ್ರೂ ಹಂಗ ಅಂದಾರ, ನಾ ಎಂದೂ ಅವರ ನಾಲಿಗಿ ತಿದ್ದಲಿಲ್ಲ. ಬುದ್ಧಿ ಇರೂದು ಇದಕ್ಕ ಅಂತ ನೀವ ಹೇಳಾಕ ಹತ್ತೀರಿ. ಹಂಗಾರ ಕಲಿಯೂದೂ ಅದ ಕಲೀಲಿ."

ಈ ಮಾತನ್ನು ಯಂತ್ರ ಹೇಗೆ ಬರೆದುಕೊಂಡಿತೋ ನೋಡಲಿಲ್ಲ. ಹುಡುಗಿ ಟ್ಯಾಬನ್ನು ಮುಚ್ಚಿ, ಚೀಲದಿಂದ ಒಂದು ಪೆನ್ನು ತೆಗೆದು, ಕೈಗೆ ಸಿಕ್ಕ ಕರಡಿನ ಬೆನ್ನಿಗೇ ಬರೆದುಕೊಳ್ಳತೊಡಗಿದ್ದಳು. ಅರ್ಥವಾಗದ ಕಡೆ ನನ್ನನ್ನು ಕೇಳುತ್ತಿದ್ದಳು. "ಮೇಡಂ, ಹಂಗಾರ ಅಂದ್ರೆ ಹಾಗಾದ್ರೆ ತಾನೇ?" ಅವಳು ನನ್ನ ಮನಸ್ಸಿಗೆ ಹತ್ತಿರವಾದದ್ದು ಆಗಲೇ.

ಕೊನೆಯ ಸಭೆ ಬಾದಾಮಿಯಲ್ಲಿ. ಒಂದು ಹೋಟೆಲಿನ ಹಾಲು, ಕಿಟಕಿಯಿಂದ ಕೆಂಪು ಗುಡ್ಡ ಕಾಣುತ್ತಿತ್ತು. ಅಲ್ಲಿ ಸೇರಿದ್ದವರು ಗುಹೆ ತೋರಿಸುವ ಗೈಡುಗಳು. ಫೋನಿನೊಳಗೆ ಕೂತು ಪ್ರವಾಸಿಗರಿಗೆ ಶಿಲ್ಪದ ಕಥೆ ಹೇಳುವ ಯಂತ್ರ-ಗೈಡಿನ ವಿಚಾರ ಅವರ ಮುಂದಿತ್ತು. ನಲವತ್ತು ದಾಟಿದ ಒಬ್ಬ ಗೈಡು ಎದ್ದು ನಿಂತರು. ಅಂಗಿಯ ಇಸ್ತ್ರಿ ಗೆರೆ ಮುರಿಯದ, ನಾಲ್ಕಾರು ಭಾಷೆ ಸಲೀಸಾಗಿ ಆಡುವ ಮನುಷ್ಯ. ಯಂತ್ರಕ್ಕೆ ಯಾವ ಕನ್ನಡ ರುಚಿಸುತ್ತದೆ ಎಂಬುದು ಅವರಿಗೆ ಮೊದಲೇ ಸುದ್ದಿ ಮುಟ್ಟಿತ್ತೇನೋ. ಪ್ರವಾಸಿಗರಿಗೆ ಹೇಳುವ ಧಾಟಿಯಲ್ಲೇ, ಒಂದೊಂದು ಅಕ್ಷರವನ್ನೂ ತೊಳೆದಿಟ್ಟಂತೆ ಶುರು ಮಾಡಿದರು.

"ಅತ್ಯಂತ ಸಂತೋಷದ ವಿಷಯ. ತಲೆಮಾರುಗಳಿಂದ ಬಿಸಿಲಿನಲ್ಲಿ ಮೆಟ್ಟಿಲು ಹತ್ತಿ ಇಳಿದು ದಣಿದ ನಮಗೆಲ್ಲ ಮನೆಯಲ್ಲಿ ವಿಶ್ರಾಂತಿ ದಯಪಾಲಿಸುವ ಈ ಮಹತ್ತರ ಯೋಜನೆಗೆ ನಮ್ಮ ಮಡದಿ ಮಕ್ಕಳು ಚಿರಋಣಿಗಳಾಗಿರುತ್ತಾರೆ. ಉಪವಾಸವೂ ಆರೋಗ್ಯಕ್ಕೆ ಉತ್ತಮವೆಂದು ವೈದ್ಯರು ಹೇಳುತ್ತಾರೆ."

ಒಂದಕ್ಷರ ತಪ್ಪಿಲ್ಲದೆ ಮೂಡಿತು. ಅಪ್ಪಟ ಹಸಿರು. ಗೈಡುಗಳು ಚಪ್ಪಾಳೆ ಹೊಡೆದರು, ಅಧ್ಯಕ್ಷರೂ ಹೊಡೆದರು. ಆ ಮನುಷ್ಯ ಮೈಕು ಕೆಳಗಿಟ್ಟು ತಮ್ಮ ಸ್ವಂತ ದನಿಗೆ ಮರಳಿದರು.

"ಇನ್ನ ಖರೆ ಕೇಳ್ತೇನ್ರಿ. ಮ್ಯಾಲ ಗವಿ ಹಂತ್ಯಾಕ ಮಂಗ್ಯಾ ಬಂದು ಹೆಣ್ಣುಮಗಳ ಕೈಯಾನ ಚೀಲ ಕಸಗೊಂತು ಅಂದ್ರ ನಿಮ್ಮ ಯಂತ್ರ ಏನ್ ಮಾಡ್ತದ? ಆಕಿ ಹೆದರಿ ಮೆಟ್ಟಲದ ಮ್ಯಾಲಿಂದ ಬಿದ್ಲು ಅಂದ್ರ ಯಾರು ಎತ್ತಬೇಕು? ಮನ್ನಿ ನಾನ ಎತ್ತಿ ದವಾಖಾನಿಗೆ ಒಯ್ದೇನಿ."

"ಒಟ್ಟಾರೆ, ಅದು ಸುರಕ್ಷತೆಯ ತತ್ವದೊಳಗ ಬರ್ತದ" ಎಂದರು ಅಧ್ಯಕ್ಷರು.

"ಮಂಗ್ಯಾಗ ಹೇಳ್ರಿ ಅದನ್ನ" ಎಂದು ಅವರು ಕೂತರು. ಮೈಕು ಕೆಳಗಿದ್ದುದರಿಂದ ಆ ಮಾತು ದೇಶಕ್ಕೆ ತಲುಪಲಿಲ್ಲ.

ಹದಿನೈದು ದಿನ ಬಿಟ್ಟು ಮತ್ತೆ ನವನಗರದ ಅದೇ ತಣ್ಣನೆಯ ಹಾಲು. ಪರದೆಯ ಮೇಲೆ ಜಿಲ್ಲೆಯ ನಕಾಶೆ, ನಕಾಶೆಯ ತುಂಬ ಹಸಿರು. ನಮ್ಮ ಬಿಸಿಲ ಜಿಲ್ಲೆಯನ್ನು ಅಷ್ಟು ಹಸಿರಾಗಿ ನೋಡುವ ಭಾಗ್ಯ ನೀರಾವರಿಯವರಿಗೂ ದಕ್ಕಿರಲಿಕ್ಕಿಲ್ಲ. ನೇಕಾರರು ತಮ್ಮ ವಿನ್ಯಾಸಗಳನ್ನು ದೇಶಕ್ಕೆ ಅರ್ಪಿಸಲು ಉತ್ಸುಕರಾಗಿದ್ದರು. ಹುನಗುಂದದ ಜನ ಯಂತ್ರದ ತೀರ್ಮಾನವನ್ನು ಒಪ್ಪಿ, ಜೊತೆಗೆ ಬ್ಯಾಟರಿಗಾಗಿ ವ್ಯಾಪಕ ಬೇಡಿಕೆ ಇಟ್ಟಿದ್ದರು. ಬಾದಾಮಿಯ ಗೈಡುಗಳು ಚಿರಋಣಿಗಳಾಗಿದ್ದರು. ಹೀಗೆಂದು ವರದಿ. ಕೊನೆಯಲ್ಲಿ ಭಾಷಾ ಸದಸ್ಯೆಯ ಸಹಿಗೆ ಜಾಗ; ಜನರ ಮಾತು ಯಥಾವತ್ತಾಗಿ ದಾಖಲಾಗಿದೆ ಎಂದು ನಾನು ದೃಢೀಕರಿಸಬೇಕು.

"ಸರ್, ಇದೆಲ್ಲಾ ತಿರುಗಾಮುರುಗಾ ಆಗೇದ. ಅವರು ಹೇಳಿದ್ದು ಒಂದು, ಇಲ್ಲಿರೂದು ಇನ್ನೊಂದು. ನೀವೂ ಅಲ್ಲೇ ಇದ್ರಿ" ಎಂದೆ.

ಅಧ್ಯಕ್ಷರು ಚಿಕ್ಕು ಹಣ್ಣಿನ ಸಿಪ್ಪೆ ಸುಲಿಯುತ್ತಿದ್ದರು. "ಮೇಡಂ, ಜನ ಒಳ್ಳೇದು ಅಂದ್ರು ಅಂತ ಬಂದ್ರ ನಿಮಗ್ಯಾಕ ಹೊಟ್ಟಿಬ್ಯಾನಿ? ಉಳಿದ ಜಿಲ್ಲಾದಾಗ ಇಷ್ಟು ಹಸರ ಬಂದಿಲ್ಲಂತ. ನಮ್ಮನ್ನ ಮಾದರಿ ಅನ್ಲಿಕ್ಕೆ ಹತ್ಯಾರ."

"ನಾ ಸಹಿ ಮಾಡೂದಿಲ್ರಿ."

ಅವರು ಹಣ್ಣಿನ ಹೋಳನ್ನು ನನ್ನ ಕಡೆ ಚಾಚಿ ಸಣ್ಣಗೆ ನಕ್ಕರು. "ಚೊಲೋ ಆತು, ಒಲ್ಲೆ ಅನಲಿಲ್ಲ ನೀವು. ಅಂದಿದ್ರ ಮಷೀನು ಒಳ್ಳೆ ಅಂತ ಬರಕೋತಿತ್ತು."

ಆ ನಗುವಿಗೆ ನನ್ನ ಮೈ ಉರಿಯಿತು. ಅಲ್ಲಿಯವರೆಗೆ ನಾನು ಅವರನ್ನು ಕಿವಿ ಮಂದವಾದ ಮನುಷ್ಯ ಎಂದುಕೊಂಡಿದ್ದೆ. ಕಲಾದಗಿಯಲ್ಲಿ ಹುಟ್ಟಿ ಬೆಳೆದವರಿಗೆ ಒಲ್ಲೆಗೂ ಒಳ್ಳೆಗೂ ವ್ಯತ್ಯಾಸ ಗೊತ್ತಿರುವುದಿಲ್ಲವೇ? ಇಳಕಲ್‌ನಲ್ಲಿ, ಹುನಗುಂದದಲ್ಲಿ ಒಂದೊಂದು ಮಾತೂ ಅವರಿಗೆ ಸರಿಯಾಗಿ ಕೇಳಿಸಿತ್ತು. ಯಂತ್ರದ ಕಿವಿಯೇ ತಮಗೆ ಅನುಕೂಲ ಎಂದು ತಮ್ಮ ಕಿವಿಯನ್ನು ಪಕ್ಕಕ್ಕೆ ಇಟ್ಟಿದ್ದರು, ಅಷ್ಟೆ. ಯಂತ್ರ ಬಂದು ಮನುಷ್ಯನ ಬುದ್ಧಿಯನ್ನು ಕಸಿದುಕೊಳ್ಳುತ್ತದೆ ಎಂದು ಜನ ಹೆದರುತ್ತಾರೆ. ಕಸಿಯುವ ಕಷ್ಟ ಅದಕ್ಕೆ ಯಾಕೆ? ನಾವೇ ಅದರ ಮನೆಗೆ ಹೋಗಿ ಕೊಟ್ಟುಬರುತ್ತೇವೆ.

ನಾನು ಎದ್ದು ಬಂದೆ. ಸಂಜೆಯೊಳಗೆ ಬೇರೊಬ್ಬ ಭಾಷಾ ಸದಸ್ಯರು ಸಿಕ್ಕರೆಂದೂ, ಅವರು ವರದಿಯನ್ನು ತೆರೆಯದೆಯೇ ಸಹಿ ಹಾಕಿದರೆಂದೂ ಪ್ರಿನ್ಸಿಪಾಲರು ಮರುದಿನ ಹೇಳಿದರು. "ನಿಮಗ ಕನ್ನಡ ಜಾಸ್ತಿ ಗೊತ್ತಾತು ನೋಡ್ರಿ ಮೇಡಂ" ಎಂದರು. ಬೈದರೋ ಹೊಗಳಿದರೋ ಯಂತ್ರವಿದ್ದಿದ್ದರೆ ಬಣ್ಣ ಹಚ್ಚಿ ತೋರಿಸುತ್ತಿತ್ತು.

ಆದರೆ ಮೈಸೂರಿನ ಹುಡುಗಿ ಸುಮ್ಮನಿರಲಿಲ್ಲ. ಒಂದು ಭಾನುವಾರ ನನ್ನ ಮನೆಗೆ ಬಂದಳು. ಸಭೆಗಳ ಧ್ವನಿಮುದ್ರಣ ಅವಳ ಹತ್ತಿರ ಪೂರ್ತಿ ಇತ್ತು. ನಾವಿಬ್ಬರೂ ಅಡುಗೆಮನೆಯ ಕಟ್ಟೆಯ ಬಳಿ ಕೂತು, ನಿಲ್ಲಿಸಿ ನಿಲ್ಲಿಸಿ ಕೇಳಿ, ಜನ ಆಡಿದ್ದನ್ನು ಆಡಿದ ಹಾಗೇ ಬರೆದೆವು. ಇಳಕಲ್‌ನ ನಗು ಬಂದಾಗ ಇಬ್ಬರೂ ಮತ್ತೆ ನಕ್ಕೆವು. ಸಂಜೆ ರೊಟ್ಟಿ ತಿನ್ನುತ್ತ ಅವಳು ಕೇಳಿದಳು.

"ಮೇಡಂ, ಒಲ್ಲೆ ಅನ್ನೋದು ನಮ್ಮ ಕಡೆ ಯಾಕಿಲ್ಲ? ನಾವು ಬೇಡ ಅಂತೀವಿ. ಬೇಡ ಅಂದ್ರೆ ಆ ವಸ್ತು ಬೇಡ ಅಂತ. ಒಲ್ಲೆ ಅಂದ್ರೆ ನಾನೇ ಒಪ್ಪಲ್ಲ ಅಂತ. ಅಲ್ವಾ?"

"ಖರೇನವಾ. ಅದಕ್ಕ ಈ ಮಾತು ಯಾರಿಗೂ ಕೇಳಸೂದಿಲ್ಲ" ಎಂದೆ.

ಅವಳು ಬರೆದದ್ದನ್ನು ತನ್ನ ಕಂಪನಿಗೂ ದಿಲ್ಲಿಗೂ ಕಳಿಸಿದಳು. ಕಂಪನಿ ಅವಳನ್ನು ಬೇರೆ ಕೆಲಸಕ್ಕೆ ಹಾಕಿತು. ದಿಲ್ಲಿಯಿಂದ 'ತಲುಪಿದೆ' ಎಂಬ ಉತ್ತರ ಬಂತು. ಅದನ್ನೂ ಯಂತ್ರವೇ ಬರೆದಿತ್ತೆಂದು ಅವಳ ಅನುಮಾನ. ಅಧ್ಯಕ್ಷರು ಈಗ ರಾಜ್ಯಮಟ್ಟದ ಸಮಿತಿಯಲ್ಲಿದ್ದಾರೆ.

ತತ್ವಗಳ ಪುಸ್ತಿಕೆ ಅಚ್ಚಾಗಿ ಬಂತು. ಕಾಗದ ನುಣುಪಾಗಿತ್ತು. ನಡುಪುಟದಲ್ಲಿ ಇಳಕಲ್‌ನ ಆ ಹೆಂಗಸಿನ ಫೋಟೋ, ಸೀರೆಯ ಮಡಿಕೆ ಬಿಚ್ಚಿ ಹಿಡಿದು ಬಾಯ್ತುಂಬ ನಗುತ್ತಿದ್ದಾಳೆ. ಕೆಳಗೆ: 'ನಮ್ಮ ಸೆರಗಿನ ಫೋಟೋ ಕೊಡುವುದು ಒಳ್ಳೆಯದು ಎನ್ನುವ ನೇಕಾರ ಮಹಿಳೆ.' ಅದನ್ನು ನೋಡಿ ನನಗೆ ಸುಮ್ಮನೆ ಇರಲಾಗಲಿಲ್ಲ. ಪುಸ್ತಿಕೆ ಹಿಡಿದುಕೊಂಡು ಇಳಕಲ್ ಬಸ್ಸು ಹತ್ತಿದೆ.

ಅವಳು ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತಿದ್ದಳು. ಫೋಟೋ ನೋಡಿ ಮೊದಲು ಹಿಗ್ಗಿದಳು. "ಅಯ್ಯ, ಚೊಲೋ ಬಂದೈತಲ್ರಿ! ಏನ ಬರದಾರ್ರಿ ಅಕ್ಕೋರ?"

ಓದಿ ಹೇಳಿದೆ. ಮುಖದ ನಗು ಹೋಯಿತು. ಲಾಳಿಯನ್ನು ಪಕ್ಕಕ್ಕೆ ಇಟ್ಟಳು.

"ನಾ ಹಂಗ ಅಂದಿಲ್ಲ. ಓಣ್ಯಾಗಿನ ಮಂದಿ ನೋಡಿದ್ರ ಏನ್ ಅಂತಾರ? ಎಲ್ಲಾರ ಕಸಬು ಮಾರಿ ಬಂದಾಳ ಅನ್ನೂದಿಲ್ಲೇನು?"

ಅಲ್ಲೇ ಕೂತು ಪುಸ್ತಿಕೆಯ ಹಿಂದಿನ ಪುಟದಲ್ಲಿದ್ದ ನಂಬರಿಗೆ ಫೋನು ಹಚ್ಚಿಸಿದಳು. ಮೊದಲು ಒಂದು ಯಂತ್ರ ಮಾತಾಡಿತು. ಅದಕ್ಕೆ ಅವಳು ಬೈದ ಬೈಗುಳವನ್ನು ಇಲ್ಲಿ ಬರೆಯಲಾರೆ. ಯಂತ್ರ ಧನ್ಯವಾದ ಹೇಳಿತು. ಅವಳು ಬಿಡಲಿಲ್ಲ. ದಿನಾಲೂ ಮಧ್ಯಾಹ್ನ ಊಟವಾದ ಮೇಲೆ ಒಂದು ಫೋನು, ಇದು ಅವಳ ನೇಮವಾಯಿತು. ಸಂಘದವರನ್ನು ಕರೆದುಕೊಂಡು ಜಿಲ್ಲಾ ಕಚೇರಿಗೂ ಹೋಗಿಬಂದಳು. ಕಡೆಗೆ ಯಾರೋ ಒಬ್ಬ ಮನುಷ್ಯನೇ ಫೋನಿಗೆ ಸಿಕ್ಕ. ಫೋಟೋ ತೆಗೆದುಹಾಕುತ್ತೇವೆ ಎಂದ.

ಖರೆಯೇ ತೆಗೆದುಹಾಕಿದರು. ಜಾಲತಾಣದಲ್ಲಿರುವ ಪುಸ್ತಿಕೆಯಲ್ಲಿ ಈಗ ಆ ಜಾಗದಲ್ಲಿ ಒಂದು ಖಾಲಿ ಮಗ್ಗದ ಚಿತ್ರವಿದೆ. ಕೆಳಗಿನ ಬರಹ ಮಾತ್ರ ಹಾಗೇ ಇದೆ. ಅವಳ ಮುಖವನ್ನು ಮರಳಿ ಕೊಟ್ಟರು, ಒಪ್ಪಿಗೆಯನ್ನು ಇಟ್ಟುಕೊಂಡರು.

ಕಳೆದ ತಿಂಗಳು ನನ್ನ ತಂಗಿಯ ಸೊಸೆಗೆ ಸೀರೆ ತರಲು ಅವಳ ಮನೆಗೆ ಹೋಗಿದ್ದೆ. ಇನ್ನೊಂದು ಸಲ ಅಭಿಪ್ರಾಯ ಕೇಳಲು ಬರುತ್ತಾರಂತೆ, ಸಂಘಕ್ಕೆ ಪತ್ರ ಬಂದಿದೆಯಂತೆ.

"ಈ ಸಲ ಬಾಯಿ ತೆರಿಯೂದ ಇಲ್ರಿ ಅಕ್ಕೋರ" ಎಂದಳು. "ಬರೇ ತಲಿ ಅಳ್ಳಾಡಸ್ತೇನಿ."

"ಹೆಂಗ ಅಳ್ಳಾಡಸ್ತೀರಿ?"

ಅವಳು ಅಡ್ಡಡ್ಡ ತಲೆಯಾಡಿಸಿ ತೋರಿಸಿದಳು. ಅರ್ಧದಲ್ಲೇ ನಿಲ್ಲಿಸಿ, ಏನೋ ಹೊಳೆದಂತೆ ನನ್ನ ಮುಖ ನೋಡಿದಳು.

"ಇದನ್ನೂ ಹೂಂ ಅಂತ ತಿಳಕೊಂಡ್ರ ಏನ್ ಮಾಡೂದ್ರಿ?"

ನಾನು ಸೀರೆಯ ಮಡಿಕೆ ಬಿಚ್ಚಿ ಬೆಳಕಿಗೆ ಹಿಡಿದು ಬಣ್ಣ ನೋಡತೊಡಗಿದೆ.